‘ಅದು ಔಷಧಿ ಅಲ್ಲವಲ್ಲ ಸರ್’



ದ್ವಿತೀಯ ಪಿಯುಸಿ ಜೀವಶಾಸ್ತ್ರದ ಜೀವವೈವಿಧ್ಯ ಪಾಠದಲ್ಲಿ ರಾವೊಲ್ಫಿಯಾ ಎಂಬ ಗಿಡವೂ ರಿಸರ್ಪಿನ್ ಎಂಬ ರಾಸಾಯನಿಕವೂ ಹಾಗೆಯೇ ಬಂದು ಹೋಗುತ್ತವೆ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಅದೇ ಕುಲಕ್ಕೆ ಸೇರಿದ ನಮ್ಮ ಗಿಡವೊಂದಿದೆ, ಸರ್ಪಗಂಧ. ಅದರ ಕಥೆ ಪರೀಕ್ಷೆಗೆ ಬಾರದಿದ್ದರೂ ತಿಳಿದಿರಬೇಕು.

ಅದರ ಬೇರನ್ನು ನಮ್ಮ ವೈದ್ಯರು, ಹಕೀಮರು ಬಹುಕಾಲದಿಂದ ಕೊಡುತ್ತಿದ್ದರು. 1931ರಲ್ಲಿ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಕಿ ಆ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ತಮಗೆ ಆಸರೆಯಾಗಿದ್ದ ದೆಹಲಿಯ ಹಕೀಮ್ ಅಜ್ಮಲ್ ಖಾನರ ನೆನಪಿಗೆ ‘ಅಜ್ಮಲಿನ್’ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಈ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ರಿಸರ್ಪಿನ್ ಸಿಕ್ಕಿತು, ಮಾತ್ರೆಯಾಯಿತು. ಕೆಲವರಿಗೆ ಅದರಿಂದ ಖಿನ್ನತೆ ಬಂತೆಂಬ ವರದಿಗಳೂ ಹಿಂದೆಯೇ ಬಂದವು. ಒತ್ತಡ ಇಳಿಸುವ ಶಕ್ತಿ ಇರುವ ಬೇರಿಗೆ ಬೇಡದ್ದನ್ನು ಮಾಡುವ ಶಕ್ತಿಯೂ ಇರುತ್ತದೆ.

ಇದನ್ನು ಹೇಳಲು ಕಾರಣವಿದೆ. ಕಳೆದ ತಿಂಗಳು ತರಗತಿಯಲ್ಲಿ ಹೆಸರಿಲ್ಲದ ಚೀಟಿಗಳಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆಸಿದೆ. ಡಾಕ್ಟರು ಬರೆದುಕೊಟ್ಟದ್ದನ್ನು ಬಿಟ್ಟು ಈ ವರ್ಷ ಬೇರೇನು ತೆಗೆದುಕೊಂಡಿರಿ? ಅದನ್ನು ಡಾಕ್ಟರಿಗೆ ಹೇಳಿದಿರಾ? ಮೊದಲನೆಯದಕ್ಕೆ ಚೀಟಿ ತುಂಬಾ ಉತ್ತರ: ಉಮ್ಮ ಮಾಡಿದ ಶುಂಠಿ ಕಷಾಯ, ಕಲೌಂಜಿ, ಹಿಜಾಮ, ಮೊಡವೆಗೆ ರಕ್ತಶುದ್ಧಿಯ ಸಿರಪ್, ಪರೀಕ್ಷೆಗೆಂದು ಒಂದೆಲಗ. ಎರಡನೆಯದಕ್ಕೆ ಬಹುತೇಕ ‘ಇಲ್ಲ’. ಒಬ್ಬರಂತೂ ‘ಅದು ಔಷಧಿ ಅಲ್ಲವಲ್ಲ ಸರ್’ ಎಂದೇ ಬರೆದಿದ್ದರು.

ಕಷಾಯದ ಮೇಲೆ ನನಗೆ ಸಿಟ್ಟಿಲ್ಲ, ನೆಗಡಿಯಾದರೆ ನಾನೂ ಕುಡಿಯುತ್ತೇನೆ. ಆದರೆ ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಜ್ಯೇಷ್ಠಮಧುವನ್ನೇ ನೋಡಿ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತಿಂದರೆ ದೇಹದ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ 6 ಮಂದಿಯ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ತಜ್ಞರಿಗಿರಲಿ, ಯಕೃತ್ತು ನೋಡುವ ಡಾಕ್ಟರಿಗೆ ನೀವು ಏನು ಕುಡಿದಿರಿ ಎಂಬುದಂತೂ ಗೊತ್ತಿರಬೇಕು.

ಇನ್ನು ಕಾಮಾಲೆ. ನೆಲನೆಲ್ಲಿ ಅರೆದು ಕುಡಿದೆ, ವಾಸಿಯಾಯಿತು ಎನ್ನುವವರು ಊರಿಗೊಬ್ಬರಾದರೂ ಇದ್ದಾರೆ. ಸುಳ್ಳಲ್ಲ, ವಾಸಿಯಾಗಿರುತ್ತದೆ. ಹೆಪಟೈಟಿಸ್ ಎ ವೈರಸ್‌ನಿಂದ ಬಂದ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಏನು ಕುಡಿದಿದ್ದರೂ ಹೆಸರು ಅದಕ್ಕೇ. ಹೆಪಟೈಟಿಸ್ ಬಿ ಹಾಗಲ್ಲ. ಕಣ್ಣಿನ ಹಳದಿ ಹೋದರೂ ವೈರಸ್ ಕೆಲವರಲ್ಲಿ ಉಳಿದು ವರ್ಷಗಟ್ಟಲೆ ಯಕೃತ್ತನ್ನು ತಿನ್ನುತ್ತದೆ. ಯಾವುದೆಂದು ಹೇಳುವುದು ರಕ್ತಪರೀಕ್ಷೆ ಮಾತ್ರ. ಗಿಡಕ್ಕೆ ಗುಣವಿದೆಯೋ ಇಲ್ಲವೋ ತಿಳಿಯಲು, ಅದನ್ನು ಕುಡಿಯದವರು ಎಷ್ಟು ದಿನದಲ್ಲಿ ಗುಣವಾದರು ಎಂದೂ ನೋಡಬೇಕು. ಪ್ರಯೋಗದಲ್ಲಿ ‘ನಿಯಂತ್ರಣ ಗುಂಪು’ ಎಂದು ಓದುತ್ತೀರಲ್ಲ, ಅದು ಇದೇ.

ಒಂದು ಚೀಟಿ ಮಾತ್ರ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ‘ಫಿಟ್ಸ್ ಮಾತ್ರೆ ನಿಲ್ಲಿಸಿದ್ದೇನೆ, ಮದ್ದು ನಡೆಯುತ್ತಿದೆ, ಮನೆಯಲ್ಲಿ ಆಸ್ಪತ್ರೆಗೆ ಹೇಳಿಲ್ಲ.’ ಅಕ್ಷರ ನೋಡಿ ಯಾರೆಂದು ಹುಡುಕಲು ನಾನು ಹೋಗಿಲ್ಲ. ಹೆಸರು ಬೇಡವೆಂದು ಮಾತು ಕೊಟ್ಟಿದ್ದೆ. ನೀನು ಇದನ್ನು ಓದುತ್ತಿದ್ದರೆ: ಆ ಮಾತ್ರೆಯನ್ನು ಹಠಾತ್ತಾಗಿ ಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು, ಅದು ಜೀವಕ್ಕೇ ಅಪಾಯ. ಇಂದೇ ಮನೆಯವರೊಂದಿಗೆ ಮಾತ್ರೆ ಬರೆದುಕೊಟ್ಟ ಡಾಕ್ಟರ ಬಳಿ ಹೋಗು. ಮದ್ದಿನ ಬಾಟಲಿಯನ್ನೂ ಚೀಲದಲ್ಲಿಟ್ಟುಕೋ. ಡೋಸನ್ನು ನೀನೇ ಲೆಕ್ಕಹಾಕಿ ಮತ್ತೆ ಶುರು ಮಾಡಬೇಡ, ಅವರೇ ಹೇಳಲಿ. ಅಲ್ಲಿಯವರೆಗೆ ಈಜು ಬೇಡ, ಬೈಕ್ ಬೇಡ. ಮನೆಯಲ್ಲಿ ಹೇಳಲು ಅಂಜಿಕೆಯಾದರೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಬಾ. ನಾನೇ ಬಂದು ನಿನ್ನ ಮನೆಯವರ ಜೊತೆ ಮಾತನಾಡುತ್ತೇನೆ.