ಕಿವಿಯೇ ಕಣ್ಣಾದ ಆಟ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ದೃಷ್ಟಿಹೀನ ಶಿಶುವೊಂದು ಜನಿಸಿದರೆ ಹಿರಿಯರ ಬಾಯಿಂದ ಹೊರಡುವ ಮಾತು, 'ಗದಗಿಗೆ ಕಳಿಸಿರಿ' ಎಂಬುದು. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳೂ (1892-1944) ಅವರ ಶಿಷ್ಯೋತ್ತಮರಾದ ಪುಟ್ಟರಾಜ ಗವಾಯಿಗಳೂ (1914-2010) ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ನಾದದ ಮೂಲಕ ಬಾಳನ್ನು ಕಟ್ಟಿಕೊಟ್ಟುದು ಸರ್ವವಿದಿತ. ಆದರೆ ಕಣ್ಣಿಲ್ಲದವನಿಗೆ ಸಂಗೀತವೊಂದೇ ಗತಿಯೆ? ಕಂಠದಲ್ಲಿ ಸ್ವರವಿಲ್ಲದೆ, ತೋಳಿನಲ್ಲಿ ಕಸುವುಳ್ಳ ಬಾಲಕನ ಪಾಡೇನು?

ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಆಸ್ಟ್ರಿಯದ ಹಾನ್ಸ್ ಲೊರೆಂಜನ್ ಹಾಗೂ ಜರ್ಮನಿಯ ಸೆಪ್ ರೈಂಡ್ಲ್ 'ಗೋಲ್‌ಬಾಲ್' ಎಂಬ ಆಟವನ್ನು ರೂಪಿಸಿದರು. 1976ರ ಟೊರಾಂಟೊ ಪ್ಯಾರಾಲಿಂಪಿಕ್ಸ್‌ನಲ್ಲಿ ಅದು ಪದಕದ ಆಟವಾಯಿತು. ಪಕ್ಷಕ್ಕೆ ಮೂವರು, ಎಲ್ಲರ ಕಣ್ಣಿಗೂ ಪಟ್ಟಿ, ಒಂದೂಕಾಲು ಕಿಲೊ ತೂಕದ ಚೆಂಡಿನೊಳಗೆ ಗೆಜ್ಜೆ. ಅಂಕಣದ ಗೆರೆಗಳಡಿ ಹುರಿ ಹಾಸಿರುವುದರಿಂದ ಆಟಗಾರರು ಅವನ್ನು ಸ್ಪರ್ಶದಿಂದಲೇ ಅರಿಯುತ್ತಾರೆ. ಚೆಂಡು ಉರುಳುವಾಗ ಪ್ರೇಕ್ಷಕರು ಮೌನವಾಗಿರತಕ್ಕದ್ದು.

ಸದ್ದು ಮಾಡುವ ಚೆಂಡೇ ಅಂಧರ ಕ್ರಿಕೆಟ್ಟಿಗೂ ಆಧಾರ. ನಮ್ಮ ನಾಡಿನಲ್ಲಿ ಆ ಆಟದಿಂದ ಕೀರ್ತಿವಂತರಾದವರು ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕರು. ಹುಟ್ಟುಗುರುಡರಾಗಿದ್ದ ಅವರಿಗೆ ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಿಂದ ಬಲಗಣ್ಣಿಗೆ ಅಲ್ಪ ದೃಷ್ಟಿ ಬಂದಿತು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ಶಿವಮೊಗ್ಗದ ಶಾರದಾದೇವಿ ಅಂಧರ ಶಾಲೆಯಲ್ಲಿ ಅಕ್ಷರದೊಡನೆ ಆಟವನ್ನೂ ಕಲಿತರು. ಅವರ ನಾಯಕತ್ವದಲ್ಲಿ ಭಾರತವು 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಟಿ-20 ವಿಶ್ವಕಪ್ಪನ್ನೂ 2014ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಏಕದಿನ ವಿಶ್ವಕಪ್ಪನ್ನೂ ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ಶಾಲೆಯು ಅವರನ್ನು ಮೈದಾನದ ಅಂಚಿನಲ್ಲಿ ಕೂಡಿಸಿದ್ದರೆ ಇವಾವುವೂ ಆಗುತ್ತಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೆ ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ಕಣ್ಣು ಕಾಣದ ಬಾಲಕನೊಬ್ಬನಿದ್ದನು. ಆಟದ ಅವಧಿಯಲ್ಲಿ ಅವನನ್ನು ಬೇವಿನ ಮರದಡಿ ಕೂಡಿಸಿ, ಗೆಳೆಯರ ಪಾಟೀಚೀಲಗಳನ್ನು ಕಾಯಲು ಹೇಳುತ್ತಿದ್ದೆ. ಅದನ್ನು ಕರುಣೆಯೆಂದೇ ಬಗೆದಿದ್ದೆ. ಒಂದು ದಿನ ಚೆಂಡು ಕಳೆದು ಹುಡುಗರೆಲ್ಲ ಹುಡುಕುತ್ತಿರಲು, 'ಎಡಕ್ಕೆ, ಕಲ್ಲಿಗೆ ಬಡಿದು ನಿಂತೈತ್ರಿ' ಎಂದು ಅವನು ಕುಳಿತಲ್ಲಿಂದಲೇ ಕೂಗಿದನು. ಚೆಂಡು ಅಲ್ಲಿಯೇ ಸಿಕ್ಕಿತು. ಆಗಲೂ ನಾನು ಅವನನ್ನು ಎಬ್ಬಿಸಿ ಆಟಕ್ಕೆ ಕಳಿಸಲಿಲ್ಲ.

ಶಿಕ್ಷಕ ಬಂಧುಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ಅರಿಕೆ ಇಷ್ಟೆ. ಅನ್ನದಾಸೋಹ, ಅಕ್ಷರದಾಸೋಹಗಳಲ್ಲಿ ನಮ್ಮ ಮಠಗಳು ಹಿಂದುಳಿದಿಲ್ಲ. ಕಾರಹುಣ್ಣಿಮೆಗೆ ಎತ್ತುಗಳಿಗೆ ಗೆಜ್ಜೆ ಕಟ್ಟಿ ಮೆರೆಸುವ ಜನ ನಾವು. ಚೆಂಡಿನೊಳಗೆ ನಾಲ್ಕು ಗೆಜ್ಜೆಗಳನ್ನಿಡುವುದು ನಮಗೆ ಭಾರವಲ್ಲ. ಒಂದು ಸಮತಟ್ಟಾದ ಅಂಕಣ, ಒಂದಿಷ್ಟು ಹುರಿ, ಆಟದ ನಿಯಮ ಬಲ್ಲ ಒಬ್ಬ ಶಿಕ್ಷಕ, ಇವಿಷ್ಟಿದ್ದರೆ ಆರಂಭಕ್ಕೆ ಸಾಕು. ಉಳಿದವರು ಮಾಡಬೇಕಾದುದು ಒಂದೇ: ಆ ಮಗು ಚೆಂಡಿನ ಸದ್ದಿಗೆ ಕಿವಿಗೊಟ್ಟಾಗ ಅರೆಗಳಿಗೆ ಸುಮ್ಮನಿರುವುದು.