ಅಪ್ಪನ ರಿಟೈರ್ಮೆಂಟಿಗೆ ಮುಂಚೆ: ಟಾಪ್-ಅಪ್, ಸೂಪರ್ ಟಾಪ್-ಅಪ್ ಲೆಕ್ಕ

ಈ ಸಲ ಬನಶಂಕರಿ ಜಾತ್ರೆಗೆ ನಾವು ಬಾದಾಮಿಯ ಗೆಳೆಯನ ಮನೆಗೆ ಹೋಗಿದ್ವಿ. ರಾತ್ರಿ ನಾಟಕ ನೋಡೋ ಪ್ಲಾನು. ಊಟ ಆದ ಮೇಲೆ ಅವನ ಅಪ್ಪ, ಹೈಸ್ಕೂಲ್ ಮಾಸ್ತರು, ಒಂದು ಫಾರ್ಮ್ ತಂದು ನಮ್ಮ ಮುಂದೆ ಇಟ್ಟರು. "ನೀವೆಲ್ಲಾ ಇಂಗ್ಲಿಷ್ ಮೀಡಿಯಂ ಹುಡುಗ್ರು, ಇದ್ರಾಗ ಏನೈತಿ ಸ್ವಲ್ಪ ಓದಿ ಹೇಳ್ರಪಾ." ಆರೋಗ್ಯ ವಿಮೆಯ ಅರ್ಜಿ. ಅವರಿಗೆ ಈಗ 58, ರಿಟೈರ್ ಆಗೋದು 60ಕ್ಕೆ. ಎಂಟು ವರ್ಷದಿಂದ ಶುಗರ್ ಇದೆ. ಆದರೆ ಮಧುಮೇಹದ ಕಾಲಮ್ಮಿನಲ್ಲಿ ಏಜೆಂಟರು ಪೆನ್ಸಿಲ್‌ನಿಂದ 'ಇಲ್ಲ' ಅಂತ ಟಿಕ್ ಹಾಕಿ ಕೊಟ್ಟಿದ್ದರು.

ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಮಾಡೋ ನಮಗೆ 'ಡಿಡಕ್ಟಿಬಲ್' ಅಂದ್ರೆ ಏನಂತ ಹೇಳೋಕೆ ಬರಲಿಲ್ಲ. ನಾಚಿಕೆ ಆಯ್ತು. ಹಾಸ್ಟೆಲಿಗೆ ಬಂದು ಎರಡು ವಾರ ಕೂತು ಓದಿದ್ದನ್ನ ಇಲ್ಲಿ ಬರೀತಿದ್ದೀವಿ. ನಿಮ್ಮ ಮನೆಯಲ್ಲೂ 55 ದಾಟಿದವರು ಇರ್ತಾರೆ.

ಹೊಸ ಪಾಲಿಸಿಗಿಂತ ಮೊದಲು ಕೈಯಲ್ಲಿ ಏನಿದೆ ಅಂತ ನೋಡಬೇಕು. ನಾವು ನಾಲ್ಕು ಜನ, ನಾಲ್ಕು ಮನೆ, ಒಂದರ ಹಾಗೆ ಇನ್ನೊಂದಿಲ್ಲ.

ಇಳಕಲ್ಲಿನ ಗೆಳೆಯನ ಅಪ್ಪ ಗ್ರಾನೈಟ್ ಪಾಲಿಶ್ ಘಟಕದಲ್ಲಿದ್ದಾರೆ, ಸಂಬಳದಲ್ಲಿ ಇಎಸ್‌ಐ ಕಡಿತ ಆಗ್ತದೆ. ಕನಿಷ್ಠ 5 ವರ್ಷ ಇಎಸ್‌ಐ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದವರು ತಿಂಗಳಿಗೆ 10 ರೂಪಾಯಿ, ಅಂದ್ರೆ ವರ್ಷಕ್ಕೆ 120 ರೂಪಾಯಿ ಮುಂಗಡ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತೆ. ನೂರಾ ಇಪ್ಪತ್ತು! ಇದು ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹುನಗುಂದದವನ ಮನೆ ಒಕ್ಕಲುತನದ್ದು. ಒಕ್ಕಲುತನಕ್ಕೆ ರಿಟೈರ್ಮೆಂಟ್ ಎಲ್ಲಿಂದ? ಆದರೆ ಅವರ ಅಪ್ಪ ಸಹಕಾರಿ ಸಂಘದ ಸದಸ್ಯರು, ಹಾಗಾಗಿ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದ ಯೋಜನೆ ಅದು. ವರ್ಷಕ್ಕೆ 5 ಲಕ್ಷದವರೆಗೆ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ. ನೋಂದಣಿ ಅವಧಿಯಲ್ಲಿ ರಿನ್ಯೂ ಮಾಡೋದು ಮರೆತರೆ ಮುಗೀತು.

ಬಾಗಲಕೋಟೆಯವನ ಅಪ್ಪನದು ಖಾಸಗಿ ಕಂಪನಿ, ಗ್ರೂಪ್ ಪಾಲಿಸಿ. ಕೆಲಸ ಬಿಟ್ಟ ದಿನ ಅದೂ ಬಿಡುತ್ತೆ. ಬಿಡೋ ಮುಂಚೆಯೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಅರ್ಜಿ ಹಾಕಿದರೆ, ಗ್ರೂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ ಜಮಾ ಆಗ್ತವೆ.

ಮಾಸ್ತರದ್ದೇ ಸ್ವಲ್ಪ ಗೊಂದಲ. ಸರ್ಕಾರಿ ನೌಕರರಿಗೆ ಮೊದಲು ಜ್ಯೋತಿ ಸಂಜೀವಿನಿ ಇತ್ತು, ಈಗ ಸಂಬಳದಿಂದ ವಂತಿಗೆ ಕೊಡೋ ಕರ್ನಾಟಕ ಆರೋಗ್ಯ ಸಂಜೀವಿನಿ ಬಂದಿದೆ. ಇದೇ ಹೊತ್ತಿಗೆ ಎಲ್ಲಾ ವಿಮಾ ಕಂಪನಿಗಳೂ ಮಾರುವ 'ಆರೋಗ್ಯ ಸಂಜೀವನಿ' ಅನ್ನೋ ಸಾದಾ ಪಾಲಿಸಿ ಬೇರೆ ಇದೆ, 2020ರಿಂದ. ಒಂದು ಗುಡಿಸಿನ ವ್ಯತ್ಯಾಸ! ಮಾಸ್ತರು ಎರಡೂ ಒಂದೇ ಅಂದ್ಕೊಂಡಿದ್ದರು. ನಾವೂ ಮೊದಲ ದಿನ ಹಾಗೇ ಅಂದ್ಕೊಂಡ್ವಿ. ರೇಷನ್ ಕಾರ್ಡಿನ ಲೆಕ್ಕವೂ ಉಂಟು: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಒಳಗೆ. ಮಾಸ್ತರದು ಎಪಿಎಲ್.

ಈಗ ಪೆನ್ಸಿಲ್ ಟಿಕ್ಕಿನ ವಿಷಯ. ಪಾಲಿಸಿ ತಗೊಳ್ಳೋ ಮುಂಚೆಯೇ ಇರೋ ಕಾಯಿಲೆಗೆ ಕಾಯುವ ಅವಧಿ ಇರುತ್ತೆ. 2024ರ ನಿಯಮದಂತೆ ಅದು ಹೆಚ್ಚೆಂದರೆ 3 ವರ್ಷ (ಮೊದಲು 4 ಇತ್ತು). 58ಕ್ಕೆ ತಗೊಂಡರೆ ಶುಗರಿಗೆ ಸಂಬಂಧಿಸಿದ ಚಿಕಿತ್ಸೆಗೆ ದುಡ್ಡು ಸಿಗೋದು 61ಕ್ಕೆ. ರಿಟೈರ್ ಆದ ದಿನ ತಗೊಂಡರೆ 63ಕ್ಕೆ. ಹಾಗಾಗಿ 'ಗ್ರಾಚ್ಯುಟಿ ಬಂದ ಮೇಲೆ ನೋಡೋಣು' ಅನ್ನೋದು ತಪ್ಪು ಲೆಕ್ಕ. ಇನ್ನು, ಇರೋ ಕಾಯಿಲೆ ಮುಚ್ಚಿಟ್ಟರೆ? ಮೊದಲ 5 ವರ್ಷದೊಳಗೆ ಗೊತ್ತಾದರೆ ಕ್ಲೇಮ್ ತಿರಸ್ಕರಿಸಿ ಪಾಲಿಸಿಯನ್ನೇ ರದ್ದು ಮಾಡಬಹುದು. 5 ವರ್ಷ ಆದ ಮೇಲೂ ವಂಚನೆ ಅಂತ ಸಾಬೀತಾದರೆ ರಕ್ಷಣೆ ಇಲ್ಲ. ಏಜೆಂಟರಿಗೆ ಕಮಿಷನ್ ಈ ವರ್ಷವೇ ಬರುತ್ತೆ, ಆಸ್ಪತ್ರೆ ಕೌಂಟರಿನಲ್ಲಿ ನಿಲ್ಲೋದು ಮಾಸ್ತರು.

ಡಿಡಕ್ಟಿಬಲ್‌ಗೆ ಬರೋಣ. ದೊಡ್ಡ ಪಾಲಿಸಿಗೆ ಈ ವಯಸ್ಸಿನಲ್ಲಿ ಪ್ರೀಮಿಯಂ ಜಾಸ್ತಿ. ಅದಕ್ಕೆ 'ಮೊದಲ 3 ಲಕ್ಷ ನಾವು ನೋಡ್ಕೋತೀವಿ, ಅದರ ಮೇಲಿನದು ನೀವು ಕೊಡಿ' ಅನ್ನೋ ಒಪ್ಪಂದ ಮಾಡ್ಕೊಂಡರೆ ಪ್ರೀಮಿಯಂ ಬಹಳ ಇಳಿಯುತ್ತೆ. ಆ 3 ಲಕ್ಷವೇ ಡಿಡಕ್ಟಿಬಲ್. ಅದನ್ನ ಇನ್ನೊಂದು ಸಣ್ಣ ಪಾಲಿಸಿ ಕೊಡಬಹುದು, ಉಳಿತಾಯದಿಂದಲೂ ಕೊಡಬಹುದು. ಒಂದು ವರ್ಷದಲ್ಲಿ ಹುಬ್ಬಳ್ಳಿಯಲ್ಲಿ ಒಂದು ಆಪರೇಷನ್ನಿಗೆ 2.5 ಲಕ್ಷ, ಐದು ತಿಂಗಳ ನಂತರ ಕಾಲು ಮುರಿದು 2 ಲಕ್ಷ ಖರ್ಚಾಯ್ತು ಅಂತ ಇಟ್ಕೊಳ್ಳಿ. ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆ ಬೇರೆ ನೋಡುತ್ತೆ. ಎರಡೂ 3 ಲಕ್ಷದ ಒಳಗೆ, ಸಿಗೋದು ಸೊನ್ನೆ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನ ಕೂಡಿಸುತ್ತೆ: 4.5 ಲಕ್ಷದಲ್ಲಿ 3 ಕಳೆದು 1.5 ಲಕ್ಷ ಕೊಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಟಾಪ್-ಅಪ್‌ನಲ್ಲಿ 'ಸಮ್' ವೇರಿಯಬಲ್ ಪ್ರತಿ ಲೂಪಿಗೂ ಸೊನ್ನೆ ಆಗುತ್ತೆ, ಸೂಪರ್‌ನಲ್ಲಿ ವರ್ಷಕ್ಕೊಮ್ಮೆ ಮಾತ್ರ. ಹೆಸರು ಒಂದೇ ಥರ ಇರೋದರಿಂದ ಅಗ್ಗದ್ದನ್ನ ತಗೊಂಡು ಮೋಸ ಹೋಗೋದು ಸುಲಭ. ಇವೆರಡಕ್ಕೂ ಕಾಯುವ ಅವಧಿ ಇದೆ ಅನ್ನೋದೂ ನೆನಪಿರಲಿ.

ಸಣ್ಣ ಅಕ್ಷರದಲ್ಲಿ ನಮಗೆ ಸಿಟ್ಟು ಬಂದಿದ್ದು ರೂಮ್ ಬಾಡಿಗೆ ಮಿತಿ. ದಿನಕ್ಕೆ 3,000 ಮಿತಿ ಇದ್ದು 6,000ದ ರೂಮ್ ತಗೊಂಡರೆ, ಬರೀ ಬಾಡಿಗೆಯಲ್ಲ, ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಚಾರ್ಜನ್ನೂ ಅರ್ಧಕ್ಕೆ ಇಳಿಸಬಹುದು (ಔಷಧಿ, ಇಂಪ್ಲಾಂಟಿಗೆ ಈ ಕಡಿತ ಇಲ್ಲ). ಕೋ-ಪೇ ಇದ್ದರೆ ಅದೂ ಬೇರೆ. ನೆಟ್‌ವರ್ಕ್ ಆಸ್ಪತ್ರೆ ಪಟ್ಟಿಯಲ್ಲಿ ಬೆಂಗಳೂರಿನವು ನೂರಿದ್ದರೆ ನಮಗೇನು? ಬಾಗಲಕೋಟೆ, ಹುಬ್ಬಳ್ಳಿ, ಬೆಳಗಾವಿ, ಮಿರಜ, ಇಷ್ಟರಲ್ಲಿ ಎಷ್ಟಿವೆ ಅಂತ ಎಣಿಸಿ.

ಅನುಕೂಲ ಆಗಿರೋದೂ ಉಂಟು. 22 ಸೆಪ್ಟೆಂಬರ್ 2025ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಶೇ 18ರ ಜಿಎಸ್‌ಟಿ ಇಲ್ಲ. ಪಾಲಿಸಿ ಬಂದ ಮೇಲೆ ಓದಿ ಬೇಡ ಅನ್ನಿಸಿದರೆ ವಾಪಸ್ ಕೊಡಲು 30 ದಿನ ಸಿಗ್ತವೆ.

ಮಾಸ್ತರಿಗೆ ಫೋನಿನಲ್ಲಿ ಇಷ್ಟೆಲ್ಲಾ ಹೇಳಿದಾಗ ಅವರು ಕೇಳಿದ್ದು ಒಂದೇ: "ಖರೇ ಬರದ್ರ ಕೊಡ್ತಾರಂತೇನು?" ಕೊಡದೇನೂ ಇರಬಹುದು, ಪ್ರೀಮಿಯಂ ಏರಿಸಲೂಬಹುದು ಅಂತ ಹೇಳಿದ್ವಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ಸಿಲ್ ಗೀಟು ಅಳಿಸಿ ಪೆನ್ನಿನಲ್ಲಿ 'ಹೌದು' ಅಂತ ಬರೆದರಂತೆ. ಕಂಪನಿಯವರು ರಕ್ತಪರೀಕ್ಷೆಯ ರಿಪೋರ್ಟ್ ಕೇಳಿದ್ದಾರೆ. ಹೋದ ಸೋಮವಾರ ಕಳಿಸಿಯಾಗಿದೆ, ಉತ್ತರ ಇನ್ನೂ ಬಂದಿಲ್ಲ.