ಆನ್‌ಲೈನ್ ಬೋಧನೆ ಮತ್ತು ಹಳಗನ್ನಡ ಕಾವ್ಯ: ಕಲಿಕಾ ಸಿದ್ಧಾಂತಗಳ ನೆಲೆಯಿಂದ

ಆನ್‌ಲೈನ್ ಬೋಧನೆಯನ್ನು ಕುರಿತ ಚರ್ಚೆಗಳಲ್ಲಿ ಉಪಕರಣಗಳಿಗೆ ದೊರೆಯುವ ಗಮನ ಕಲಿಕೆಯ ಸ್ವರೂಪಕ್ಕೆ ದೊರೆಯುವುದು ವಿರಳ. ಆದರೆ ಪ್ರತಿಯೊಂದು ಉಪಕರಣದ ಹಿಂದೆಯೂ ಒಂದು ಕಲಿಕಾ ಸಿದ್ಧಾಂತವಿರುತ್ತದೆ. ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ವೇದಿಕೆಯು ವಿಡಿಯೋ ಪಾಠ, ಓದಿನ ಸಾಮಗ್ರಿ, ಚರ್ಚೆ, ಮೌಲ್ಯಮಾಪನ ಎಂಬ ನಾಲ್ಕು ಅಂಗಗಳನ್ನು ಕಲ್ಪಿಸಿದೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಅವಕಾಶವೆಂಬುದನ್ನು ಪಠ್ಯದ ಸ್ವರೂಪವೇ ನಿರ್ಧರಿಸಬೇಕು. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ, ದುರ್ಯೋಧನನನ್ನು ತೊರೆದು ಬರಲಾರೆನೆಂದು ಕರ್ಣನು ಕೃಷ್ಣನಿಗೆ ಹೇಳುವಾಗ ಭಾನುಮತಿಯ ನೆತ್ತದಾಟವನ್ನು ಸ್ಮರಿಸುವ ಪದ್ಯವು ಇದಕ್ಕೆ ಉತ್ತಮ ನಿದರ್ಶನ.

ಮೊದಲನೆಯದು ವರ್ತನಾವಾದ. ಬಿ. ಎಫ್. ಸ್ಕಿನ್ನರ್ 1958ರಲ್ಲಿ ಪ್ರಕಟಿಸಿದ ಬೋಧನಾ ಯಂತ್ರಗಳನ್ನು ಕುರಿತ ಲೇಖನವು ಪಾಠವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಉತ್ತರಕ್ಕೂ ಕೂಡಲೇ ಪುಷ್ಟಿ ನೀಡುವ ಕ್ರಮವನ್ನು ಪ್ರತಿಪಾದಿಸಿತು. ಮೇಲ್ಕಂಡ ಪದ್ಯ ಉತ್ಪಲಮಾಲಾ ವೃತ್ತದಲ್ಲಿದೆ. ಪಾದಕ್ಕೆ 20 ಅಕ್ಷರ, ಗಣವಿನ್ಯಾಸ ಭ-ರ-ನ-ಭ-ಭ-ರ-ಲ-ಗ. ಪ್ರಸ್ತಾರ ಹಾಕುವುದನ್ನು ಕಲಿಸಲು ಈ ಕ್ರಮ ಅತ್ಯಂತ ಸೂಕ್ತ; ಇಲ್ಲಿ ಸರಿಯುತ್ತರ ಒಂದೇ. ಗಮನಾರ್ಹ ಸಂಗತಿಯೆಂದರೆ, ವಿದ್ಯಾರ್ಥಿಯು ಉತ್ತರವನ್ನು ಆರಿಸುವುದಕ್ಕಿಂತ ತಾನೇ ರಚಿಸಬೇಕೆಂಬುದೇ ಸ್ಕಿನ್ನರನ ನಿಲುವಾಗಿತ್ತು. ಇಂದಿನ ಬಹು ಆಯ್ಕೆಯ ಪ್ರಶ್ನೆಗಳು ಆ ಮಟ್ಟವನ್ನೂ ಮುಟ್ಟುವುದಿಲ್ಲ.

ಎರಡನೆಯದು ಸಂಜ್ಞಾನಾತ್ಮಕ ನೆಲೆ. ಜಾನ್ ಸ್ವೆಲ್ಲರ್ 1988ರಲ್ಲಿ ಮಂಡಿಸಿದ ‘ಸಂಜ್ಞಾನಾತ್ಮಕ ಹೊರೆ’ಯ ವಿಚಾರವು ಹಳಗನ್ನಡ ಬೋಧನೆಗೆ ನೇರವಾಗಿ ಅನ್ವಯಿಸುತ್ತದೆ. ಪದಚ್ಛೇದ, ಅಪರಿಚಿತ ಶಬ್ದ, ಅನ್ವಯ, ಕಥಾಸಂದರ್ಭಗಳನ್ನು ಒಂದೇ ವಿಡಿಯೋದಲ್ಲಿ ತುಂಬಿದರೆ ವಿದ್ಯಾರ್ಥಿಯ ಕಾರ್ಯಸ್ಮೃತಿ ಅದನ್ನು ಹೊರಲಾರದು. ವಾಚನ, ಪದಚ್ಛೇದ, ಅನ್ವಯಗಳನ್ನು ಕ್ರಮವಾಗಿ ಬಿಡಿಬಿಡಿಯಾಗಿ ನೀಡುವುದು ಉಚಿತ.

ಆದರೆ ಭಾನುಮತಿಯೊಡನೆ ನೆತ್ತವಾಡಿದವನು ಕರ್ಣನೋ ದುರ್ಯೋಧನನೋ? ಪದ್ಯದ ಅನ್ವಯವು ಇದನ್ನು ನಿಸ್ಸಂದಿಗ್ಧವಾಗಿ ಹೇಳುವುದಿಲ್ಲ. ವಿದ್ವಾಂಸರು ಭಿನ್ನ ಅರ್ಥಗಳನ್ನು ಸಮರ್ಥಿಸಿದ್ದಾರೆ. ಈ ಪ್ರಶ್ನೆಗೆ ನಾಲ್ಕು ಆಯ್ಕೆಗಳನ್ನು ಕೊಟ್ಟು ಒಂದಕ್ಕೆ ಅಂಕವಿಡುವುದೆಂದರೆ ಕಾವ್ಯದ ಅರ್ಥಸಾಧ್ಯತೆಯನ್ನೇ ಮೊಟಕುಗೊಳಿಸಿದಂತೆ. ಇಲ್ಲಿ ಅಗತ್ಯವಾದುದು ರಚನಾವಾದ. ಬಲ್ಲವರ ನೆರವಿನಿಂದ ಕಲಿಯುವವನು ತನ್ನ ಸದ್ಯದ ಸಾಮರ್ಥ್ಯವನ್ನು ದಾಟುತ್ತಾನೆಂಬುದು ವೈಗೋಟ್‌ಸ್ಕಿಯ ವಿಚಾರ. ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ 2000ದಲ್ಲಿ ಆನ್‌ಲೈನ್ ಕಲಿಕೆಗೆ ಸಂಜ್ಞಾನಾತ್ಮಕ, ಸಾಮಾಜಿಕ ಹಾಗೂ ಬೋಧನಾ ಉಪಸ್ಥಿತಿಗಳೆಂಬ ಮೂರನ್ನು ಗುರುತಿಸಿದರು. ವಿದ್ಯಾರ್ಥಿಗಳು ಪದ್ಯದಿಂದಲೇ ಆಧಾರ ತೋರಿ ವಾದಿಸುವಂತೆಯೂ ಅಧ್ಯಾಪಕರು ಆ ವಾದವನ್ನು ಪ್ರಶ್ನಿಸಿ ಮುನ್ನಡೆಸುವಂತೆಯೂ ಚರ್ಚಾ ವಿಭಾಗವನ್ನು ರೂಪಿಸಿದಾಗ ಮಾತ್ರ ಈ ಮೂರೂ ಕೂಡಿಬರುತ್ತವೆ.

ಜಾರ್ಜ್ ಸೀಮೆನ್ಸ್ 2005ರಲ್ಲಿ ಪ್ರಕಟಿಸಿದ ಸಂಪರ್ಕವಾದದ ಪ್ರಕಾರ ಜ್ಞಾನವು ಜಾಲಗಳಲ್ಲಿ ಹರಡಿಕೊಂಡಿರುತ್ತದೆ. ನಿಘಂಟು, ಟೀಕೆ, ವಿಮರ್ಶೆಗಳನ್ನು ಪದ್ಯದೊಡನೆ ಜೋಡಿಸಲು ಈ ನೋಟ ನೆರವಾಗುತ್ತದೆ. ಆದರೆ ಸಿದ್ಧ ಸಾರಾಂಶವನ್ನು ಕ್ಷಣದಲ್ಲಿ ಒದಗಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳಿರುವ ಈ ಕಾಲದಲ್ಲಿ ಆಕರಗಳನ್ನು ತಲುಪುವುದಕ್ಕಿಂತ ಅವುಗಳನ್ನು ಪದ್ಯದ ಮುಂದಿಟ್ಟು ಒರೆಗೆ ಹಚ್ಚುವುದು ಮುಖ್ಯ.

ಹೀಗೆ ಒಂದೇ ಪದ್ಯದ ಬೋಧನೆಗೆ ನಾಲ್ಕು ಸಿದ್ಧಾಂತಗಳೂ ಬೇಕಾಗುತ್ತವೆ. ಛಂದಸ್ಸಿಗೆ ಹೊಂದುವ ಪರೀಕ್ಷಾ ಕ್ರಮವನ್ನು, ಯಂತ್ರಕ್ಕೆ ಸುಲಭವೆಂಬ ಕಾರಣದಿಂದ, ಅರ್ಥಕ್ಕೂ ವಿಸ್ತರಿಸಿದರೆ ಕಾವ್ಯಬೋಧನೆಯು ಮಾಹಿತಿ ವಿತರಣೆಯಾಗಿ ಉಳಿಯುತ್ತದೆ. ಯಾವುದನ್ನು ಯಂತ್ರಕ್ಕೆ ಬಿಡಬೇಕು, ಯಾವುದನ್ನು ಸಂವಾದಕ್ಕೆ ಉಳಿಸಿಕೊಳ್ಳಬೇಕು ಎಂಬ ವಿವೇಚನೆ ಕನ್ನಡ ಅಧ್ಯಾಪಕರದೇ ಆಗಿರಬೇಕು.